ಎಣ್ಣೆ ಹಚ್ಚುವ ಕೈಗೆ ಸಿಕ್ಕಿದ್ದು

ಮುನಿರತ್ನಮ್ಮನಿಗೆ ಈ ಲೋಕದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಸೂಳಗಿರಿ ಪಕ್ಕದಲ್ಲಿ ಕೊತ್ತಂಬರಿ ಬೆಳೆಯುವ ಒಂದಿಷ್ಟು ಹೊಲ, ಹೇಳಿದ್ದರಲ್ಲಿ ಅರ್ಧವನ್ನಾದರೂ ಕೇಳುವ ಮಗ ಶಿವಣ್ಣ, ಹೊಸೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ಸೊಸೆ ಸುಷ್ಮಾ. ಇದಕ್ಕಿಂತ ಇನ್ನೇನು ಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಸೊಸೆಯ ವಿಷಯದಲ್ಲಂತೂ ಆಕೆಗೆ ಕೊಂಚ ಜಂಬವೇ ಇತ್ತು. ಆರು ವರ್ಷದ ಹಿಂದೆ ಸುಷ್ಮಾಗೆ ಸ್ತನದ ಕ್ಯಾನ್ಸರ್ ಬಂದಿತ್ತು. ಬೆಂಗಳೂರಿನಲ್ಲಿ ಎಡಗಡೆಯದನ್ನು ತೆಗೆದು, ಆ ಜಾಗದಲ್ಲಿ ಇಂಪ್ಲಾಂಟ್ ಎಂಬ ಸಿಲಿಕಾನ್ ಚೀಲವೊಂದನ್ನು ಇಟ್ಟು ಹೊಲಿದಿದ್ದರು. ಅದೂ ಮೂಗುಬೊಟ್ಟಿನ ಹಾಗೆ, ಒಮ್ಮೆ ಇಟ್ಟರೆ ಸಾಯುವ ತನಕ ಇರುವಂಥದ್ದು ಎಂದೇ ಮುನಿರತ್ನಮ್ಮ ನಂಬಿದ್ದಳು.

ಔಷಧಿಗೆ ಉದುರಿಹೋಗಿದ್ದ ಕೂದಲು ಮತ್ತೆ ಚಿಗುರಿದಾಗ, ತಿಂಗಳಿಗೊಂದು ಶುಕ್ರವಾರ ಸೊಸೆಗೆ ತಾನೇ ಎಣ್ಣೆ ನೀರು ಹಾಕುವ ಪದ್ಧತಿಯನ್ನು ಮುನಿರತ್ನಮ್ಮ ಶುರುಮಾಡಿದ್ದಳು. ಈಚೆಗೆ ಮಾತ್ರ ಸುಷ್ಮಾ ತಪ್ಪಿಸಿಕೊಳ್ಳುತ್ತಿದ್ದಳು. ಒಮ್ಮೆ ನೆಗಡಿ, ಒಮ್ಮೆ ತಲೆನೋವು, ಇನ್ನೊಮ್ಮೆ ಓವರ್‌ಟೈಮು. ಈ ಶುಕ್ರವಾರ ಎರಡನೇ ಶಿಫ್ಟು, ಬಸ್ಸು ಮಧ್ಯಾಹ್ನಕ್ಕೆ ಎಂದು ಗೊತ್ತಾದದ್ದೇ ಮುನಿರತ್ನಮ್ಮ ಹನ್ನೊಂದರ ಹೊತ್ತಿಗೆಲ್ಲ ಹಂಡೆಗೆ ಉರಿ ಹಾಕಿ, ಸೊಸೆಯ ಕೈ ಹಿಡಿದು ಬಚ್ಚಲಿಗೆ ಎಳೆದೊಯ್ದಳು.

ನೆತ್ತಿಗೆ ತಟ್ಟಿ, ಬೆನ್ನಿಗೆ ತಿಕ್ಕಿ, ಭುಜದಿಂದ ಎಡ ಕಂಕುಳಿನ ಕಡೆಗೆ ಇಳಿದ ಕೈ ಅಲ್ಲೇ ನಿಂತಿತು. ಮೊದಲೆಲ್ಲ ಮೆತ್ತಗೆ ಸಿಗುತ್ತಿದ್ದ ಚೀಲದ ಅಂಚು ಈಗ ಎಳೆ ಪರಂಗಿಕಾಯಿಯ ಹಾಗೆ ಬಿಗಿದುಕೊಂಡಿತ್ತು. ನೋಡಿದರೆ ಎಡಗಡೆಯದು ಬಲಗಡೆಗಿಂತ ಮೇಲಕ್ಕೂ ಏರಿ ಕುಳಿತಿತ್ತು. ಸುಷ್ಮಾ ಹಲ್ಲು ಕಚ್ಚಿ ಮೈ ಹಿಂದಕ್ಕೆ ಎಳೆದುಕೊಂಡಳು.

"ಏನೇ ಇದು, ಇಷ್ಟ್ ಗಟ್ಟಿ ಆಗೈತೆ? ನೋಯ್ತದಾ?"

"ಏನಿಲ್ಲ ಅತ್ತೆ. ಫ್ಯಾಕ್ಟ್ರಿನಾಗೆ ಟ್ರೇ ಎತ್ತೀ ಎತ್ತೀ ಹಂಗಾಗಿರ್ತದೆ. ಬೇಗ ನೀರು ಹುಯ್ಯಿರಿ, ಕಂಪ್ನಿ ಬಸ್ಸು ಬತ್ತದೆ."

"ಸುಸ್ತು ಸುಸ್ತು ಅಂತ ಬಂದೇಟ್ಗೇ ಮಲೀಕಂತೀಯಲ್ಲ, ಅದು?"

"ಶಿಫ್ಟು."

"ಬೆಳಿಗ್ಗೆ ಬೆರಳು ಮಡ್ಚಾಕಾಗಲ್ಲ ಅಂತಿದ್ದೆ?"

"ಚಿಕೂನ್‌ಗುನ್ಯಾ ಬಂದಿತ್ತಲ್ಲ, ಅದ್ರದ್ದು ಅಂದ್ರು ಡಾಕ್ಟ್ರು."

"ಕೂದ್ಲು ನನ್ ಕೈ ತುಂಬ ಬತ್ತಾ ಐತಲ್ಲೇ!"

"ಬೋರ್ ನೀರು ಅತ್ತೆ."

ಮುನಿರತ್ನಮ್ಮನಿಗೆ ರೇಗಿಹೋಯಿತು. ಒಂದೊಂದು ನೋವಿಗೂ ಒಂದೊಂದು ಸಬೂಬು ಸಿದ್ಧವಾಗಿತ್ತು. ಇಷ್ಟೊಂದು ಸಬೂಬು ಯಾರೂ ಸುಮ್ಮನೆ ಕೂಡಿಟ್ಟುಕೊಳ್ಳುವುದಿಲ್ಲ. ಅವಳು ಚೊಂಬನ್ನು ಕೈಯಲ್ಲೇ ಹಿಡಿದುಕೊಂಡು, ಮಣೆ ಎಳೆದು ಬಚ್ಚಲ ಬಾಗಿಲಿಗೆ ಅಡ್ಡವಾಗಿ ಕುಳಿತುಬಿಟ್ಟಳು.

"ಡಾಕ್ಟ್ರ ತಾವ ಬತ್ತೀನಿ ಅನ್ನೋಗಂಟ ಒಂದ್ ತೊಟ್ಟು ನೀರೂ ಹುಯ್ಯಾಕಿಲ್ಲ."

"ಅತ್ತೆ, ಆಟ ಆಡ್ಬೇಡಿ. ಎಣ್ಣೆ ಕಣ್ಣಿಗೆ ಇಳೀತಾ ಐತೆ."

"ಇಳೀಲಿ. ಕಣ್ಣಿಗೆ ತಂಪು."

ಸುಷ್ಮಾ ಗದರಿದಳು, ಗೋಗರೆದಳು. ಮೈತುಂಬ ಎಣ್ಣೆ ಬಳಿದುಕೊಂಡು, ಒಂದು ಹಳೆ ಲಂಗ ಸುತ್ತಿಕೊಂಡವಳು ಎಲ್ಲಿಗೆ ತಾನೆ ಓಡಿಯಾಳು? ಹಂಡೆಯ ನೀರು ಕುದಿಯುತ್ತಲೇ ಇತ್ತು. ಕಡೆಗೆ ಹೆದ್ದಾರಿಯ ಕಡೆಯಿಂದ ಕಂಪನಿ ಬಸ್ಸಿನ ಹಾರನ್ನು ಕೇಳಿಸಿತು, ಇನ್ನೊಮ್ಮೆ ಕೇಳಿಸಿತು, ಬಸ್ಸು ಹೊರಟೂ ಹೋಯಿತು. ಸುಷ್ಮಾ ಮಂಡಿಗೆ ಮುಖ ಆನಿಸಿಕೊಂಡಳು.

"ಮತ್ತೆ ಅದೇ ಬಂದಿದ್ರೆ ಏನ್ ಮಾಡ್ಲಿ ಅತ್ತೆ? ಈಗಷ್ಟೇ ಮನೆ ನಗ್ತಾ ಐತೆ. ನಿಮ್ಮನ್ನೆಲ್ಲ ಮತ್ತೆ ಆಸ್ಪತ್ರೆಗೆ ಅಲೆಸೋಕೆ ನನ್ ಕೈಲಾಗಲ್ಲ."

ಕೈ ನಿಂತ ಆ ಕ್ಷಣದಿಂದ ಮುನಿರತ್ನಮ್ಮನಿಗೂ ಅದೇ ಯೋಚನೆ.

"ನಂಗೂ ಭಯಾನೇ ಕಣೇ. ಅದ್ಕೇ ಅಡ್ಡ ಕೂತಿರಾದು. ಅಲೆದ್ರೆ ಏನ್ ನನ್ ಕಾಲು ಸವೆದೋಗ್ತವಾ? ನೀನಿದ್ರೆ ತಾನೆ ಮನೆ ನಗಾದು."

ಸುಷ್ಮಾ ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು. "ಬತ್ತೀನಿ, ಹುಯ್ಯಿ ಮಾರಾಯ್ತಿ," ಎಂದಳು. ಮುನಿರತ್ನಮ್ಮ ತಣ್ಣೀರು ಬೆರೆಸಿ ಬೆರೆಸಿ ಹಂಡೆ ಬರಿದಾಗುವ ತನಕ ಹುಯ್ದಳು.

ಹೊಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಜಯಂತಿ ತಮಿಳಿನಲ್ಲಿ ಶುರುಮಾಡಿ, ಅತ್ತೆ ಸೊಸೆಯರ ಮುಖ ನೋಡಿ ಕನ್ನಡಕ್ಕೆ ಬಂದರು. ಸ್ಕ್ಯಾನ್ ಮಾಡಿಸಿದರು. ಚೀಲದ ಸುತ್ತ ನೀರು ಸೇರಿತ್ತೆಂದು ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು.

"ಕೀಲುನೋವಿಗೆ ತೋರಿಸಿದಾಗ ಇಂಪ್ಲಾಂಟ್ ಇದೆ ಅಂತ ಆ ಡಾಕ್ಟರಿಗೆ ಹೇಳಿದ್ರಾ?"

"ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ," ಎಂದಳು ಸುಷ್ಮಾ.

"ಯಾರೂ ಕೇಳದಿದ್ರೂ ಹೇಳ್ಬೇಕಮ್ಮ. ಇದು ಜೀವಮಾನ ಪೂರ್ತಿ ಬಾಳಿಕೆ ಬರೋದಲ್ಲ, ಆಗಾಗ ತೋರಿಸ್ತಿರಬೇಕು. ಗಟ್ಟಿಯಾದ್ರೆ, ಆಕಾರ ಬದಲಾದ್ರೆ, ಊದಿದ್ರೆ, ನೋವು ಬಂದ್ರೆ ಮನೇಲಿ ಕೂರಬಾರದು."

ಮೂಗುಬೊಟ್ಟಿನ ಲೆಕ್ಕ ಅಲ್ಲಿಗೆ ಮುಗಿಯಿತು. ಫಲಿತಾಂಶ ಬರುವ ತನಕ ಮುನಿರತ್ನಮ್ಮ ಕಟ್ಟಿದ ಕೊತ್ತಂಬರಿ ಕಟ್ಟುಗಳು ಒಂದು ದಪ್ಪ, ಒಂದು ಸಣ್ಣ. ಶಿವಣ್ಣ ಅವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ.

ಫಲಿತಾಂಶ ಬಂದ ದಿನ ಮೂವರೂ ಡಾಕ್ಟರ ಮುಂದೆ ಕುಳಿತಿದ್ದರು.

"ಕ್ಯಾನ್ಸರ್ ಇಲ್ಲ," ಎಂದರು ಜಯಂತಿ ಮೊದಲಿಗೇ. "ಚೀಲದ ಸುತ್ತ ಮೈ ತಾನೇ ಒಂದು ಗೋಡೆ ಕಟ್ಟಿಕೊಂಡು ಬಿಗಿದಿದೆ. ಚೀಲವೂ ಒಂದು ಕಡೆ ಹರಿದಿದೆ. ತೆಗೆಯಬೇಕು. ಸುಸ್ತು, ಕೀಲುನೋವು ಇದರಿಂದಲೇ ಅಂತ ನಾನು ಖಂಡಿತ ಹೇಳಲಾರೆ. ತೆಗೆದ ಮೇಲೆ ಕೆಲವರಿಗೆ ಹಗುರಾಗುತ್ತೆ, ಕೆಲವರಿಗೆ ಇಲ್ಲ. ಆ ಜಾಗಕ್ಕೆ ಬೇರೆದು ಇಡಬಹುದು, ಇಡದೆಯೂ ಇರಬಹುದು."

ಸುಷ್ಮಾ ಗಂಡನ ಕಡೆ ನೋಡಿದಳು. "ನನ್ ಮುಖದಾಗೇನೈತೆ? ನಿನ್ ಮೈ, ನಿನ್ನಿಷ್ಟ," ಎಂದ ಶಿವಣ್ಣ.

"ಹಂಗಾದ್ರೆ ತೆಗೆದ್ಬುಡಿ ಮೇಡಂ. ಬೇರೆದ್ ಬ್ಯಾಡ. ಸಾಕು," ಎಂದಳು ಸುಷ್ಮಾ. ಅವಳ ದನಿ ಎಷ್ಟೋ ದಿನದ ಮೇಲೆ ನಿರಾಳವಾಗಿತ್ತು.

ಹೊರಗೆ ಬಂದದ್ದೇ ತಡ, ಮುನಿರತ್ನಮ್ಮ ಕಾರಿಡಾರಿನ ಗೋಡೆಗೆ ಒರಗಿ ಹೋ ಎಂದು ಅತ್ತುಬಿಟ್ಟಳು. ಮೊದಲ ಸಲದ ಕಾಯಿಲೆಯಲ್ಲಿ ಆಕೆ ಅತ್ತದ್ದನ್ನು ಕಂಡವರಿಲ್ಲ. ಮಗ ಅತ್ತಾಗ ಗದರಿದ್ದಳು, ಸೊಸೆ ಅತ್ತಾಗ ಗಂಜಿ ಕುಡಿಸಿದ್ದಳು. ಈಗ ಇಡೀ ಆಸ್ಪತ್ರೆ ತಿರುಗಿ ನೋಡಿತು. ಗುರುತಿಲ್ಲದ ತಮಿಳು ಹೆಂಗಸೊಬ್ಬಳು ಓಡಿಬಂದು ತಬ್ಬಿಕೊಂಡು, "ಅಳಾದೀಂಗಮ್ಮಾ, ಅಳಾದೀಂಗ," ಎಂದು ಸಂತೈಸುತ್ತ ತಾನೂ ಅಳತೊಡಗಿದಳು. ಯಾರೋ ನೀರು ತಂದರು. ಶಿವಣ್ಣ ಎಲ್ಲಿ ನೋಡಬೇಕೋ ತಿಳಿಯದೆ ಚಾವಣಿಯನ್ನು ನೋಡುತ್ತಿದ್ದ.

"ಒಳ್ಳೇ ಸುದ್ದೀನೇ, ಏನೂ ಇಲ್ಲ ಅಂದವ್ರೆ," ಎಂದು ಸುಷ್ಮಾ ಒಬ್ಬೊಬ್ಬರಿಗೂ ತಮಿಳಿನಲ್ಲೂ ಕನ್ನಡದಲ್ಲೂ ಹೇಳಿ ಹೇಳಿ ಸುಸ್ತಾದಳು. ಒಬ್ಬರೂ ನಂಬಲಿಲ್ಲ. ಕಡೆಗೆ ಅತ್ತೆಯ ಪಕ್ಕ ಕುಕ್ಕರಿಸಿ, "ಸಾಕು ಸುಮ್ನಿರಿ ಅತ್ತೆ, ಎಲ್ಲಾ ನೋಡ್ತಾವ್ರೆ," ಎಂದಳು.

ಮುನಿರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೋಡ್ಲಿ ಬಿಡು. ಆರ್ ವರ್ಷದ್ದು ಹಂಗೇ ಉಳ್ದೈತೆ ಕಣೇ. ಇಷ್ಟ್ ಬೇಗ ಮುಗೀತದಾ?"