ಒಂದು ಸೌಟು ಹೂವು

ಅಂತಿಯೋಗು ಸುತ್ತಿಗೆ ಎತ್ತಿದ್ದೇ ತಡ, ಬಸ್ತಿಯಾನಾ ಓಡಿಬಂದು ಪೀಪಾಯಿಗೆ ಅಡ್ಡ ನಿಂತಳು.

"ಇದೊಂದು ಬೇಡ ಬಾವ. ಪಕ್ಕದ್ದು ತೆಗೀರಿ."

"ಯಾಕ್ ಬೇಡ? ಗಂಡ ಹೆಂಡ್ತೀಲಿ ಯಾರು ಮೊದಲು ಹೋದ್ರೂ ಅವತ್ತು ಇದನ್ನ ತೆಗೀಬೇಕು ಅಂತ ನಿನ್ ಗಂಡನೇ ಹೇಳಿರಲಿಲ್ವಾ? ಸತ್ತೋನ ಮಾತು ಮೀರೋಕಾಗುತ್ತಾ?"

ಬಸ್ತಿಯಾನಾಳ ಗಂಡ, ಅಂತಿಯೋಗುವಿನ ತಮ್ಮ ಸಿಸಿನ್ನಿಯೋನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆ ಕಳೆದಿರಲಿಲ್ಲ. ಅಂಗಳದ ತುಂಬ ಜನ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ಪಕ್ಕದ ಮನೆಯ ಎಫಿಜಿಯಾ ಕುರಿಮಾಂಸದ ಸಾರು, ರೊಟ್ಟಿ ತಂದಿಟ್ಟಿದ್ದಳು. ಆದರೆ ಎಲ್ಲರ ಕಣ್ಣೂ ಉಗ್ರಾಣದ ಬಾಗಿಲ ಮೇಲೆ. ಸಾರ್ದೀನಿಯಾದ ಈ ತಿರ್ಸೊ ಬಯಲಿನಲ್ಲಿ ವೆರ್ನಾಚ್ಚ ವೈನ್ ಮಾಡದ ಮನೆಯಿಲ್ಲ. ಸಿಸಿನ್ನಿಯೋನ ಕೈಗುಣವೇ ಬೇರೆ ಎಂದು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಅಂಥವನು ನಲವತ್ತೊಂದು ವರ್ಷ ಯಾರಿಗೂ ಒಂದು ತೊಟ್ಟು ಕೊಡದೆ ಕಾಯ್ದ ಪೀಪಾಯಿ ಎಂದರೆ ಕೇಳಬೇಕೆ!

"ಬೆಟ್ಟದೋಳು, ಕೈ ಬಿಗಿ. ಸತ್ತ ಗಂಡನ ವೈನಿಗೂ ಜಿಪುಣತನ ಮಾಡ್ತೀಯಲ್ಲೇ" ಎಂದಳು ಎಫಿಜಿಯಾ ಬಾಗಿಲಲ್ಲಿ ನಿಂತು.

ಜಿಪುಣತನವಲ್ಲ. ಆ ಪೀಪಾಯಿಯಲ್ಲಿರುವುದು ಹಾಳಾದ ವೈನ್. ಹಾಳು ಮಾಡಿದವಳು ಬಸ್ತಿಯಾನಾಳೇ. ಇವತ್ತು ಅದು ಲೋಟಕ್ಕೆ ಬಿದ್ದರೆ, ಗೋರಿಯ ಮಣ್ಣು ಆರುವ ಮೊದಲೇ ಊರು ಅವಳ ಗಂಡನ ಹೆಸರಿಗೆ ಉಗಿಯುತ್ತದೆ.

*

ಕುರಿಗಾಹಿಗಳ ಬೆಟ್ಟದೂರಿನಿಂದ ಮದುವೆಯಾಗಿ ಬಂದು ಆಗ ಎರಡು ತಿಂಗಳು. ಅರೆಬರೆ ತುಂಬಿದ ಪಾತ್ರೆ ಮನೆಗೆ ದರಿದ್ರ ಎನ್ನುತ್ತಿದ್ದರು ಅವಳ ತವರಿನಲ್ಲಿ. ಉಗ್ರಾಣ ಗುಡಿಸಲು ಹೋದವಳು ಮದುವೆ ವರ್ಷದ ಪೀಪಾಯಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಮೇಲ್ಗಡೆ ಟೊಳ್ಳು. ಪಾಪ, ಗಂಡನಿಗೆ ವೈನ್ ಸಾಲದೆ ಹೋಯಿತೇನೋ ಎಂದುಕೊಂಡು, ಮೂಲೆಯ ಗಾಜಿನ ಜಾಡಿಗಳಿಂದ ಸುರಿದೂ ಸುರಿದೂ ಬಾಯಿಮಟ ತುಂಬಿಸಿದಳು. ಸಂಜೆ ಶಹಬ್ಬಾಸ್ ಎನ್ನುತ್ತಾನೆಂದು ಕಾದಳು.

ಸಿಸಿನ್ನಿಯೋ ಉಗ್ರಾಣಕ್ಕೆ ಹೋದವನು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಬಂದಮೇಲೂ ಬೈಯಲಿಲ್ಲ. "ಇನ್ಮೇಲೆ ಬೀಗದ ಕೈ ನನ್ನ ಹತ್ರ ಇರ್ಲಿ" ಎಂದನಷ್ಟೆ.

ಪೀಪಾಯಿಯ ಮೇಲ್ಗಡೆ ಆ ಜಾಗ ಬೇಕೆಂದೇ ಬಿಡುವುದು. ಅಲ್ಲಿಯ ಗಾಳಿಗೆ ವೈನಿನ ಮೇಲೆ ಕೆನೆಯಂಥ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಹೂವು ಎನ್ನುತ್ತಾರೆ. ಹೂವು ಮುಳುಗಿದರೆ ವೈನ್ ಸತ್ತಂತೆ. ಇದೆಲ್ಲ ತಿಳಿದದ್ದು ದ್ರಾಕ್ಷಿ ಕೊಯ್ಲಿನಲ್ಲಿ, ಹೆಂಗಸರ ಮಾತಿನ ನಡುವೆ. ಕೈಯಲ್ಲಿದ್ದ ಗೊಂಚಲು ಕೆಳಗೆ ಬಿತ್ತು. ಅವತ್ತೇ ಹೇಳಬಹುದಿತ್ತು. ಇವತ್ತು ನಾಳೆ ಎನ್ನುತ್ತ ಜೀವಮಾನವೇ ಕಳೆಯಿತು. ಅವನೂ ಆ ಮಾತೆತ್ತಲಿಲ್ಲ. "ಅದು ನಮ್ಮಲ್ಲಿ ಮೊದಲು ಹೋದವರಿಗೆ" ಎಂದು ನಗುತ್ತಿದ್ದ. ಸತ್ತವರು ರುಚಿ ನೋಡುವುದಿಲ್ಲವಲ್ಲ, ಅದಕ್ಕೇ ಹಾಗನ್ನುತ್ತಾನೆ ಎಂದುಕೊಂಡಿದ್ದಳು.

*

ಅಂತಿಯೋಗು ಅವಳನ್ನು ಪಕ್ಕಕ್ಕೆ ಸರಿಸಿ, ಎರಡೇ ಏಟಿಗೆ ಮರದ ನಲ್ಲಿ ಬಡಿದ. ಲೋಟ ಹಿಡಿದ. ಮೂಸಿದ. ಹುಬ್ಬು ಗಂಟಿಕ್ಕಿತು.

"ಏನಾಯ್ತೋ? ಹುಳಿಯಾ?" ಎಂದಳು ಎಫಿಜಿಯಾ.

ಅವನು ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ. ಕಣ್ಣಲ್ಲಿ ನೀರು ಬಂತು.

"ಕಳ್ಳ ನನ್ಮಗ! ಇಂಥದ್ದನ್ನ ಒಳಗಿಟ್ಕೊಂಡು ನಂಗೆ ಇಷ್ಟು ವರ್ಷ ಪಕ್ಕದ ಪೀಪಾಯಿದು ಕುಡಿಸಿದ್ನಲ್ಲ!"

ಲೋಟದಲ್ಲಿ ಜೇನಿನ ಬಣ್ಣ. ಕಹಿ ಬಾದಾಮಿಯ ವಾಸನೆ ಉಗ್ರಾಣವನ್ನೆಲ್ಲ ತುಂಬಿತು. ಬಸ್ತಿಯಾನಾ ಲೋಟದೊಳಕ್ಕೆ ಬಗ್ಗಿ ನೋಡಿದಳು.

"ಇದಕ್ಕೇ ಅಲ್ವಾ ಅವನು ಅಪ್ಪನ ಹತ್ರ ಉಗಿಸ್ಕೊಂಡಿದ್ದು" ಎಂದ ಅಂತಿಯೋಗು. "ಒಂದಿನ ಬೆಳಗಾಗೋ ಮುಂಚೆ ಬಂದು ಅಪ್ಪನ ಮನೆ ಬಾಗಿಲು ತಟ್ದ. 'ಒಂದು ಸೌಟು ಹೂವು ಕೊಡಪ್ಪ, ನಿನ್ನ ಪೀಪಾಯಿಂದ. ಮೈಮರೆತು ನಂದನ್ನ ಬಾಯಿಮಟ ತುಂಬಿಸಿಬಿಟ್ಟೆ, ಸ್ವಲ್ಪ ಖಾಲಿ ಮಾಡಿ ಹೆಪ್ಪು ಹಾಕಿದ ಹಾಗೆ ಹಾಕ್ತೀನಿ' ಅಂದ. ಮೂರು ತಲೆಮಾರಿನ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವೇನೋ ಕತ್ತೆ ಅಂತ ಅಪ್ಪ ಆಳುಗಳ ಮುಂದೇ ಬೈದ್ರು. ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಅಪ್ಪ ಅವನಿಗೆ ತಮ್ಮ ಉಗ್ರಾಣದೊಳಗೆ ಕಾಲಿಡೋಕೂ ಬಿಡಲಿಲ್ಲ. ತಾತನ ಕಾಲದ ಪೀಪಾಯಿಗಳೆಲ್ಲ ನನ್ನ ಪಾಲಿಗೇ ಬಂದ್ವು. ಪಡಖಾನೇಲಿ ಕೂತು ನಾವೆಲ್ಲ ಎಷ್ಟು ನಕ್ಕಿದ್ದೀವಿ!"

"ತುಂಬಿಸಿದ್ದು ಅವರಲ್ಲ ಬಾವ."

"ಏನಂದೆ?"

"ನಾನು." ಅವಳ ದನಿ ಅಂಗಳದವರೆಗೂ ಕೇಳಿಸಿತು. "ಬಂದು ಎರಡು ತಿಂಗಳಾಗಿತ್ತು, ಗೊತ್ತಿರಲಿಲ್ಲ. ಅವರು ನನ್ನನ್ನ ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಅಂತಿಯೋಗು ಲೋಟ ಹಿಡಿದುಕೊಂಡೇ ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಸಿದು ಕೂತ. "ಬೋಳೀಮಗನೇ, ನನಗಾದ್ರೂ ಹೇಳಬಾರದಿತ್ತೇನೋ" ಎಂದು ತಮ್ಮನನ್ನು ಬೈಯುತ್ತ ಅತ್ತ.

ಬಸ್ತಿಯಾನಾ ಗೂಡಿನಲ್ಲಿದ್ದ ಗಂಡನ ಲೋಟವನ್ನು ತನ್ನ ಕಪ್ಪು ಶಾಲಿನ ಅಂಚಿನಿಂದ ಒರೆಸಿ ನಲ್ಲಿಗೆ ಹಿಡಿದಳು. ಮೇಲೆ ಎರಡು ಬೆರಳಷ್ಟು ಜಾಗ ಉಳಿದಾಗ ನಲ್ಲಿ ತಿರುಗಿಸಿ, ಲೋಟವನ್ನು ಪೀಪಾಯಿಯ ಮೇಲಿಟ್ಟಳು.