ಇನ್ನೂರೈವತ್ತನೇ ದಿನ

“ಆ ಕಾಲನ್ನ ಮೇಜಿನ ಕೆಳಗೆ ಎಳ್ಕೊಳೋ, ನಾಯಿ ನನ್ಮಗನೆ. ಮಾಲೀಕರ ಕಣ್ಣಿಗೆ ಬ್ಯಾಂಡೇಜು ಬಿದ್ರೆ ಇನ್ನೊಂದು ಕಾಲೂ ಮುರೀತೀನಿ.”

ಶುಕ್ರವಾರ ಬೆಳಿಗ್ಗೆ ಇಂಜಿನಿಯರ್ ಗಾರ್ಸಾ ಹೀಗೆ ಅಂದಿದ್ದು ನನ್ನ ತಂಗಿಯ ಗಂಡ ಯುಸೇಬಿಯೊಗೆ. ಹ್ಯೂಸ್ಟನ್ನಿನ ಬಿಸಿಲಲ್ಲಿ ನಾವು ಕಾರು ನಿಲ್ಲಿಸಲೆಂದು ಆರಂತಸ್ತಿನ ಕಟ್ಟಡ ಕಟ್ಟುತ್ತಿದ್ದೆವು. ಒಂಬತ್ತು ದಿನದ ಹಿಂದೆ ಸೆಂಟ್ರಿಂಗ್ ಹಲಗೆ ಜಾರಿ ಅವನ ಪಾದ ಜಜ್ಜಿತ್ತು. ಕಂಪನಿಯ ಕ್ಲಿನಿಕ್ಕಿನವನು ಬಟ್ಟೆ ಸುತ್ತಿ, ಕೂತು ಮಾಡುವ ಕೆಲಸ ಮಾಡಬಹುದು ಅಂತ ಬರೆದುಕೊಟ್ಟ. ಬೇರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಪೊಲೀಸರಿಗೆ ಹೇಳುತ್ತೇನೆ ಅಂತ ಗಾರ್ಸಾ ಹೆದರಿಸಿದ. ಈ ದೇಶದಲ್ಲಿರಲು ಕಾಗದಪತ್ರವಿಲ್ಲದ ಯುಸೇಬಿಯೊ ಮರುದಿನವೇ ಕೆಲಸಕ್ಕೆ ಬಂದ.

ಇದೆಲ್ಲ ಗೇಟಿನ ಪಕ್ಕದ ಒಂದು ಬೋರ್ಡಿಗಾಗಿ. ಪೆಟ್ಟು ಬಿದ್ದು ಯಾರೂ ಕೆಲಸ ತಪ್ಪಿಸದ ದಿನಗಳೆಷ್ಟು ಎಂದು ತಗಡಿನ ಅಂಕಿಗಳನ್ನು ಅದರ ಮೊಳೆಗೆ ತೂಗುಹಾಕುತ್ತಾರೆ. ಗಾಯಗೊಂಡವನು ಒಂದು ದಿನ ಮನೆಯಲ್ಲಿ ಮಲಗಿದರೂ ಸೊನ್ನೆ. ಇನ್ನೂರೈವತ್ತು ಮುಟ್ಟಿದರೆ ಗಾರ್ಸಾ ಸೂಪರಿಂಟೆಂಡೆಂಟ್, ಇಡೀ ಸೈಟಿಗೆ ದೊಡ್ಡವನು. ಅದಕ್ಕೇ ದಿನಾ ಕಂಪನಿಯ ಗಾಡಿ ಯುಸೇಬಿಯೊನನ್ನು ತಂದು ಕಂಟೇನರ್ ಆಫೀಸಿನ ಕುರ್ಚಿಗೆ ಇಳಿಸುತ್ತಿತ್ತು. ಬೋಲ್ಟು ಒಂದು ಡಬ್ಬಕ್ಕೆ, ನಟ್ಟು ಇನ್ನೊಂದಕ್ಕೆ ಆರಿಸುವುದು ಅವನ ಕೆಲಸ. ಸಂಜೆ ಗಾರ್ಸಾ ಎರಡನ್ನೂ ಮತ್ತೆ ಬೆರೆಸಿಡುತ್ತಿದ್ದ.

ಈ ಗಾರ್ಸಾ ಆಕಾಶದಿಂದ ಇಳಿದವನಲ್ಲ. ಅವನಪ್ಪನೂ ನಮ್ಮ ಹಾಗೆ ಗಡಿಯ ನದಿ ದಾಟಿ ಬಂದು ಗಾರೆ ಕಲಸಿದವನೇ. ನಾಲ್ಕು ವರ್ಷದ ಹಿಂದೆ ಕಾಲೇಜು ಮುಗಿಸಿ ಹೊಸ ಬೂಟು ತೊಟ್ಟು ಬಂದಾಗ ಇವನಿಗೆ ಗೋಡೆ ನೆಟ್ಟಗಿದೆಯೇ ನೋಡುವ ತೂಗುಗುಂಡು ಇಳಿಬಿಡಲೂ ಬರುತ್ತಿರಲಿಲ್ಲ. ನಾನು ಕಲಿಸಿದೆ. ಆಗ ನಾನು ‘ಅಕ್ಕಾ’. ಎರಡು ವರ್ಷದ ಹಿಂದೆ ಅವನು ಅಸಿಸ್ಟೆಂಟ್ ಆದಮೇಲೆ ಹೆಸರು ಹಿಡಿದು ‘ಒತಿಲಿಯಾ’. ಈಗ ‘ಏಯ್’. ಹತ್ತಿದ ಮೇಲೆ ಏಣಿ ಒದೆಯುವವರನ್ನು ಕಂಡಿದ್ದೆ. ಇವನು ಹತ್ತುತ್ತಲೇ ಒದೆಯುತ್ತಿದ್ದ.

ಆ ಶುಕ್ರವಾರ ಇನ್ನೂರೈವತ್ತನೇ ದಿನ. ಅಂಗಳದಲ್ಲಿ ಸಂಭ್ರಮಕ್ಕೆ ಬಂದ ಮಾಲೀಕರಿಗೆ, ಅತಿಥಿಗಳಿಗೆಂದು ಮಾಂಸ ಸುಡುತ್ತಿದ್ದರು. ಯುಸೇಬಿಯೊನ ಕಾಲಿನ ಬ್ಯಾಂಡೇಜು ಬದಲಿಸಲು ಹೋದೆ. ಎರಡು ಬೆರಳು ಕಪ್ಪಾಗಿದ್ದವು. ನಾತ ಬಾಗಿಲಾಚೆಗೂ ಬರುತ್ತಿತ್ತು.

“ಕಾಲು ಕೊಳೀತಾ ಇದೆ. ಈಗ್ಲೇ ಆಸ್ಪತ್ರೆಗೆ ಕಳ್ಸು,” ಅಂದೆ ಗಾರ್ಸಾನಿಗೆ.

“ಏಯ್, ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ಎರಡು ಬೆರಳು ಹೋದ್ರೆ ಯಾವನೂ ಸಾಯಲ್ಲ.”

ಆಮೇಲೆ ನಾನು ಏನನ್ನೂ ಯೋಚಿಸಲಿಲ್ಲ. ನೇರ ಗೇಟಿಗೆ ನಡೆದು ಬೋರ್ಡಿನಿಂದ ಎರಡರ ಅಂಕಿ ಕಿತ್ತೆ, ಐದರ ಅಂಕಿ ಕಿತ್ತೆ. ಸೊನ್ನೆ ತಾನಾಗಿ ಉಳಿಯಿತು. ಪಕ್ಕದ ಗೋಡೆಯ ಪಾಯಕ್ಕೆ ಕಾಂಕ್ರೀಟು ಸುರಿಯುತ್ತಿದ್ದರು. ತಗಡುಗಳನ್ನು ಅದರೊಳಗೆ ಎಸೆದೆ. ಅತಿಥಿಗಳು ತಟ್ಟೆ ಹಿಡಿದುಕೊಂಡೇ ನೋಡುತ್ತಿದ್ದರು.

ಗಾರ್ಸಾ ಓಡಿಬಂದ. “ಅಕ್ಕಾ,” ಅಂದ, ಎರಡು ವರ್ಷದ ಮೇಲೆ. “ಮರ್ಯಾದೆ ಕಳೀಬೇಡ ಅಕ್ಕಾ, ಅವ್ರು ನೋಡ್ತಿದ್ದಾರೆ.”

“ನೋಡ್ಲಿ, ಬೋಳಿಮಗನೆ. ಇನ್ನು ಅವನನ್ನ ಬಚ್ಚಿಟ್ಟು ನಿಂಗೇನೂ ಸಿಗಲ್ಲ.”

ಕಾಂಕ್ರೀಟಿನವರು ಮೂವರು ಸಲಿಕೆ ಕೆಳಗಿಟ್ಟು ನನ್ನ ಜೊತೆ ಬಂದರು. ಯುಸೇಬಿಯೊನನ್ನು ಕುರ್ಚಿ ಸಮೇತ ಎತ್ತಿಕೊಂಡು, ಮಾಂಸದ ಮೇಜಿನ ಮುಂದೆಯೇ ಹಾದೆವು. ಬಿಳಿ ಹೆಲ್ಮೆಟ್ಟಿನ ಮಾಲೀಕರು ಮೂಗು ಮುಚ್ಚಿಕೊಂಡರು. ಗಾರ್ಸಾ ಫೋನ್ ತೆಗೆದು ಯಾರೊಂದಿಗೋ, ಬಹುಶಃ ಪೊಲೀಸರೊಂದಿಗೆ, ಮಾತಾಡುತ್ತಿದ್ದ. ನಾವು ನಿಲ್ಲಲಿಲ್ಲ. ಗೇಟು ದಾಟಿ ಆಸ್ಪತ್ರೆಯ ರಸ್ತೆಗಿಳಿದಾಗ ಯುಸೇಬಿಯೊನ ಮುಷ್ಟಿಯಲ್ಲಿ ಒಂದು ಹಿಡಿ ಬೋಲ್ಟು ಇನ್ನೂ ಇತ್ತು. ಅವನು ಒಂದೊಂದಾಗಿ ಹಿಂದಕ್ಕೆ, ಗೇಟಿನತ್ತ ಬೀಸಿ ಎಸೆಯತೊಡಗಿದ.