ದಾರವಿಲ್ಲದ ಹೊಲಿಗೆ

ಮಿಷನ್ನಿನ ಸದ್ದು ನಿಂತಿದೆ, ನಿಂತು ಎಷ್ಟು ಹೊತ್ತಾಯಿತೋ, ನನ್ನ ಗಂಟಲು ತಾನಾಗಿಯೇ ಕೆಮ್ಮಿತು, ಬೆರಳಲ್ಲಿ ಜಪಮಣಿ, ನಾಲಗೆಯ ಮೇಲೆ ದೇವರ ಹೆಸರು, ಎರಡರ ನಡುವೆ ಒಂದು ಸಣ್ಣ ಕೆಮ್ಮು — ಕೆಮ್ಮಿದ ಮೇಲೆ ನೆನಪಾಯಿತು, ಪರದೆಯ ಆಚೆ ಯಾರೂ ಇಲ್ಲ, ಸೊಸೆ ನಿನ್ನೆಯಿಂದ ಆಸ್ಪತ್ರೆಯಲ್ಲಿದ್ದಾಳೆ, ಖಾಲಿ ಕೋಣೆಗೆ ಕೆಮ್ಮಿದೆನಲ್ಲ ಎಂದು ನಗು ಬಂತು, ಆ ನಗು ಮುಖದಿಂದ ಇಳಿಯುವ ಮೊದಲೇ ಮಗ ಬಾಗಿಲಲ್ಲಿ ನಿಂತಿದ್ದ, ಚಪ್ಪಲಿ ಬಿಟ್ಟಿರಲಿಲ್ಲ, ಕೊರಳಲ್ಲಿ ಅಳತೆ ಟೇಪು ಹಾಗೆಯೇ ಜೋತಾಡುತ್ತಿತ್ತು, ಅಪ್ಪಾ ಹೋಗ್ಬಿಟ್ಳು, ಎಲ್ಲಿಗೆ ಅಂದೆ, ದೇವರೇ, ಎಲ್ಲಿಗೆ ಎಂದು ಕೇಳಿದೆ ನಾನು, ಕೆಲಸ ಬಿಟ್ಟು ಎಲ್ಲಿಗೆ ಹೋದಳು ಎಂಬ ದನಿಯಲ್ಲಿ. ಇಪ್ಪತ್ತು ದಿನಗಳಾದವು ಅದಕ್ಕೆ. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ, ಮಗನ ಕಿವಿಯಲ್ಲೂ ಇರಬೇಕು, ಅವನು ಹೇಳುವುದಿಲ್ಲ, ಮುಂದಿನ ಅಂಗಡಿಯಲ್ಲಿ ತಲೆ ತಗ್ಗಿಸಿ ಬಟ್ಟೆ ಕತ್ತರಿಸುತ್ತಾನೆ, ಕತ್ತರಿಯ ಸದ್ದು ಬರುತ್ತದೆ, ಅವನ ಸದ್ದಿಲ್ಲ.

ನಾನು ಕೂರುವುದು ಅಂಗಡಿಗೂ ಒಳಕೋಣೆಗೂ ನಡುವೆ, ಈ ಕುರ್ಚಿಯಲ್ಲಿ, ಕೈ ನಡುಗಲು ಶುರುವಾದ ಮೇಲೆ ಮಿಷನ್ ಬಿಟ್ಟುಕೊಟ್ಟೆ, ನಲವತ್ತು ವರ್ಷ ನಾನು ತುಳಿದ ಮಿಷನ್, ಅದರ ಮೇಲೆ ಸೊಸೆ ಕೂತಳು, ನಾನು ಜಪಕ್ಕೆ ಕೂತೆ, ನಡುವೆ ಒಂದು ಪರದೆ, ಅವಳು ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದಳು, ಅದು ಸಾಕಿತ್ತು ನನಗೆ. ನಮ್ಮ ಮಿಷನ್ ನಿಲ್ಲೋದೇ ಇಲ್ಲ ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದೆ, ಎದೆ ಸೆಟೆಸಿ ಹೇಳುತ್ತಿದ್ದೆ, ನಿಂತರೆ ಕೆಮ್ಮುತ್ತಿದ್ದೆ. ಬಾಯಿಬಿಟ್ಟು ಒಂದು ಮಾತು ಆಡಿದವನಲ್ಲ, ಕೆಲಸ ಮಾಡು ಎಂದು ಒಂದು ದಿನವೂ ಗದರಿದವನಲ್ಲ, ಕೆಮ್ಮಿದೆ ಅಷ್ಟೆ — ಇಷ್ಟು ದಿನ ಇದನ್ನೇ ಹಿಡಿದುಕೊಂಡು ಕೂತಿದ್ದೇನೆ, ದೇವರ ಮುಂದೆ ನಿಂತಾಗ ಹೇಳಲು ಇದೊಂದು ಮಾತು, ಕೆಮ್ಮಿದೆ ಅಷ್ಟೆ. ಗುಂಡಿ ಹೊಲಿಯಲು ಬರುವ ಹೆಂಗಸು, ಅವಳನ್ನು ಎಲ್ಲರೂ ಗುಂಡಿ ಅಕ್ಕ ಅನ್ನುತ್ತಾರೆ, ಅವಳ ಬಾಯಿಗೆ ಬೀಗವಿಲ್ಲ, ಅಜ್ಜಾ ಇದೆಂಥ ಕೆಮ್ಮು ನಿಮ್ದು, ಮಿಷನ್ ನಿಂತಾಗ್ಲೇ ಬರುತ್ತಲ್ಲ, ಡಾಕ್ಟರಿಗೆ ತೋರಿಸ್ಬಾರ್ದಾ, ಪರದೆಯ ಆಚೆಯಿಂದ ಸೊಸೆಯ ನಗು, ಸುಮ್ನಿರೇ, ಮಿಷನ್‌ಗೆ ಹಾಕೋ ಎಣ್ಣೇನೇ ನಮ್ಮಾವನ ಗಂಟಲಿಗೂ ಎರಡು ಹನಿ ಬಿಡ್ತೀನಿ, ಸರಿಹೋಗುತ್ತೆ, ನಾನೂ ನಕ್ಕೆ, ಮೂವರೂ ನಕ್ಕೆವು, ನಗುತ್ತಲೇ ಅವಳ ಕಾಲು ಮತ್ತೆ ಓಡಿತು, ಟಕಟಕಟಕ, ನಾನು ಮಣಿ ಎಣಿಸಿದೆ.

ಡಾಕ್ಟರಮ್ಮ ಹೇಳಿದ್ದರು, ಎದುರಿಗೆ ಕೂರಿಸಿಕೊಂಡು ಹೇಳಿದ್ದರು, ಮನೆಗೆ ಹಿರಿಯರು ನೀವು, ನಿಮಗೇ ಹೇಳ್ತೀನಿ, ನಿಮ್ಮ ಸೊಸೆಯ ಹೃದಯ ದಣಿದಿದೆ ಅಜ್ಜಾ, ರಕ್ತವೂ ಕಡಿಮೆ, ನನ್ನ ಮಾತ್ರೆಗಿಂತ ಮಲಗೋದು ಮುಖ್ಯ, ಊಟ ಆದ್ಮೇಲೆ ಎರಡು ಗಂಟೆ, ಕೂತ್ಕೊಂಡು ತೂಕಡಿಸೋದಲ್ಲ, ಮಲಗ್ಬೇಕು, ಆಗಲಿ ತಾಯಿ ಅಂದೆ, ಕೈ ಮುಗಿದು ಅಂದೆ. ಮನೆಗೆ ಬಂದು ಮಲಗಮ್ಮ, ಯಾರು ಬೇಡ ಅಂದ್ರು ಅಂದೆ. ಮಲಗಿದಳು, ಮೊದಲ ಮಧ್ಯಾಹ್ನ, ಚಾಪೆ ಹಾಸಿದ ಸದ್ದು ಬಂತು, ಆಮೇಲೆ ಮೌನ, ಆ ಮೌನ ನನಗೆ ಹೇಗೆ ಚುಚ್ಚಿತು, ಶಾಲೆ ತೆರೆಯುವ ಕಾಲ, ನೀಲಿ ಬಟ್ಟೆ ಆಳೆತ್ತರ ಬಿದ್ದಿದೆ, ನನ್ನ ತಾಯಿ ಯಾವ ಮಧ್ಯಾಹ್ನ ಮಲಗಿದ್ದಳು, ನನ್ನ ಹೆಂಡತಿ ಮಲಗಿದ್ದನ್ನು ನಾನು ಕಂಡದ್ದು ಕೊನೆಯ ಕಾಯಿಲೆಯಲ್ಲಿ — ಅದನ್ನು ಹೆಚ್ಚುಗಾರಿಕೆ ಎಂದುಕೊಂಡಿದ್ದೆನಲ್ಲ, ಮೂಢ — ಗಂಟಲು ಕೆರೆಯಿತು, ಕೆಮ್ಮಿದೆ. ಚಾಪೆ ಸುತ್ತಿದ ಸದ್ದು. ಮರುದಿನದಿಂದ ಚಾಪೆಯ ಸದ್ದೇ ಇಲ್ಲ, ಮಧ್ಯಾಹ್ನವೆಲ್ಲ ಟಕಟಕಟಕ, ಯಾರಾದರೂ ಕೇಳಿದರೆ, ಅವಳಿಗೀಗ ಪರವಾಗಿಲ್ಲ, ಹುಷಾರಾಗಿದಾಳೆ, ಮಿಷನ್ ಸದ್ದು ಕೇಳ್ತಾ ಇಲ್ವಾ ಅನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಮೊಮ್ಮಗಳು ಸೀಮೆಸುಣ್ಣಕ್ಕೆಂದು ಮಿಷನ್ನಿನ ಡ್ರಾಯರ್ ಎಳೆದಳು, ಅಡಿಯಿಂದ ಒಂದು ಸುರುಳಿ ತೆಗೆದು ತಂದಳು, ನೀಲಿ ಬಟ್ಟೆಯ ಪಟ್ಟಿ, ಕತ್ತರಿಸಿ ಉಳಿದ ಚೂರುಗಳನ್ನು ತುದಿಗೆ ತುದಿ ಸೇರಿಸಿದ್ದು, ಬಿಚ್ಚಿದರೆ ಬಾಗಿಲಿನ ತನಕ, ತಾತಾ ಇದೇನು, ಬರೀ ತೂತು, ದಾರಾನೇ ಇಲ್ಲ. ಕಿಟಕಿಗೆ ಹಿಡಿದೆ. ಬೆಳಕು ಬಂತು, ಸಾಲು ಸಾಲಾಗಿ, ಸಾಸಿವೆಗಿಂತ ಸಣ್ಣ ತೂತುಗಳು, ಒಂದು ಸಾಲು ಮುಗಿದ ಕಡೆ ಇನ್ನೊಂದು, ಮೊದಲು ನೆಟ್ಟಗೆ, ಆಮೇಲೆ ಸೊಟ್ಟ, ಆಮೇಲೆ ಅಂಚಿನಿಂದ ಜಾರಿ ಹೋದದ್ದು, ಕೈ ಹಿಡಿಯದೆ ಬಿಟ್ಟಾಗ ಬಟ್ಟೆ ಹಾಗೆ ಜಾರುತ್ತದೆ, ನನಗೆ ಗೊತ್ತಿಲ್ಲವೇ, ಮಿಷನ್ನಿನ ಹಲಗೆಯ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಕಾಲು ಮಾತ್ರ ತುಳಿಯುತ್ತಾ. ಎರಡು ಗಂಟೆ. ಡಾಕ್ಟರಮ್ಮ ಹೇಳಿದ ಅದೇ ಎರಡು ಗಂಟೆ. ಅಮ್ಮ ದಾರ ಹಾಕೋಕೆ ಮರೆತಿದ್ಲಾ ತಾತಾ, ಹೌದು ಮಗೂ, ಮರೆತಿದ್ಲು. ತಪ್ಪನ್ನು ಸತ್ತವಳ ತಲೆಗೆ ಕಟ್ಟಿದೆ, ಹನ್ನೆರಡು ವರ್ಷದ ಮಗುವಿನ ಮುಂದೆ, ಜಪಮಣಿ ಕೈಯಲ್ಲಿಟ್ಟುಕೊಂಡು. ಅದೂ ಇರಲಿ, ಅದಕ್ಕಿಂತ ಹಿಂದಿನದು ಒಂದಿದೆ, ಬೇಡ ಎಂದರೂ ಬರುತ್ತದೆ — ನಲವತ್ತು ವರ್ಷ ಹೊಲಿದವನು ನಾನು, ದಾರವಿದ್ದ ಸೂಜಿಯ ಸದ್ದು ಒಂದು, ಇಲ್ಲದ್ದರ ಸದ್ದು ಒಂದು, ಒಣಗಿದ ಸದ್ದು, ಕಣ್ಣು ಮಂಜಾಗಿದೆ, ಕಿವಿಗೆ ಏನಾಗಿದೆ, ಕೇಳಿಸಿತ್ತು, ಒಂದು ದಿನ ಸ್ಪಷ್ಟವಾಗಿ ಕೇಳಿಸಿತ್ತು, ಓಹೋ, ನನ್ನ ಕಣ್ಣಿಗೇ ಮಣ್ಣೆರಚ್ತೀಯಾ ಎಂದುಕೊಂಡೆ, ಎರಡು ಸಲ ಕೆಮ್ಮಿದೆ. ಮಿಷನ್ ನಿಂತಿತು. ದಾರ ಪೋಣಿಸುವಷ್ಟು ಹೊತ್ತು. ಮತ್ತೆ ಓಡಿತು, ಒದ್ದೆ ಸದ್ದು, ದಾರದ ಸದ್ದು, ನಾನು ಗೆದ್ದೆ.

ಈಗ ಪರದೆಯ ಆಚೆ ಮೊಮ್ಮಗಳು ಕೂತಿದ್ದಾಳೆ, ಅಮ್ಮನ ಕುರ್ಚಿ, ಕಲಿಯುತ್ತೇನೆ ಎಂದು ಹಟ, ತುಳಿದಳು, ನಾಲ್ಕು ಹೊಲಿಗೆ, ನಿಲ್ಲಿಸಿದಳು. ಗಂಟಲು ಕೆರೆಯುತ್ತಿದೆ. ಬಾಯಿಗೆ ಕೈ ಒತ್ತಿಕೊಂಡೆ, ಕಣ್ಣಲ್ಲಿ ನೀರು ಬರುವಷ್ಟು, ಆದರೂ ಒಂದು ಹೊರಗೆ ಬಂದೇಬಿಟ್ಟಿತು, ಟಕಟಕಟಕ ಎಂದು ಕೂಡಲೇ ಶುರುಮಾಡಿತು ಮಗು — ನಿಲ್ಲಿಸು ಮಗೂ, ನಿಲ್ಲಿಸು, ಏನು ತಾತಾ, ನಾನು ಸುಳ್ಳು ಹೇಳಿದೆ, ನಿಮ್ಮಮ್ಮ ಮರೆತಿರ್ಲಿಲ್ಲ, ಮತ್ತೆ, ನಿದ್ದೆ ಮಾಡ್ತಿದ್ಲು, ಮಿಷನ್ ಓಡಿಸ್ಕೊಂಡಾ, ಹೌದಮ್ಮಾ, ಯಾಕೆ ತಾತಾ, ನಾನು ಕೆಮ್ತಿದ್ದೆ ಅಂತ. ಪರದೆ ಅಲುಗಲಿಲ್ಲ. ಮುಂದಿನ ಅಂಗಡಿಯಲ್ಲಿ ಕತ್ತರಿ ನಿಂತಿತು, ಅವನಿಗೂ ಕೇಳಿಸಿತು, ಕೇಳಿಸಲಿ. ದೇವರೇ, ನನಗಾಗಿ ಏನನ್ನೂ ಬೇಡುವ ಬಾಯಿಲ್ಲ, ಅವಳಿಗಾಗಿ ಬೇಡುತ್ತೇನೆ, ಅವಳನ್ನು ಎಲ್ಲಿಟ್ಟಿದ್ದೀಯೋ ಅಲ್ಲಿ ಒಂದು ಚಾಪೆ ಹಾಸು, ಕಾಲು ನೀಡಿ ಮಲಗಲಿ, ಆ ಕಾಲು ಅಲುಗದಿರಲಿ, ಹತ್ತಿರ ಯಾರೂ ಕೆಮ್ಮದಂತೆ ನೋಡಿಕೋ — ಕಿಟಕಿಯಲ್ಲಿ ನೀಲಿ ಪಟ್ಟಿ, ಬೆಳಕು, ತೂತಿನ ಪಕ್ಕ ತೂತು, ತೂತಿನ ಪಕ್ಕ ತೂತು, ದಾರವಿಲ್ಲ.